ಹುರಿಯೋ ಮೆಷಿನ್ನಿಗೆ ಯಾವ ಸೋಲ್ಡರ್?

ರೋಸ್ಟರ್ ಡ್ರಮ್ಮಿನಲ್ಲಿ ಕಾಫಿ ಬೀಜ ಮೊದಲ ಸಲ ಚಟಪಟ ಅನ್ನೋದು ಸುಮಾರು 196 ಡಿಗ್ರಿ ಸೆಲ್ಸಿಯಸ್‌ಗೆ. ಲ್ಯಾಬಿನಲ್ಲಿ ನಾವು ಬಳಸೋ ಹಳೇ ಸೋಲ್ಡರ್ ತಂತಿ, ಅಂದ್ರೆ 63 ಭಾಗ ತವರ, 37 ಭಾಗ ಸೀಸ ಇರೋದು, 183ಕ್ಕೇ ಕರಗುತ್ತೆ. ಡ್ರಮ್ಮಿನೊಳಗಿನ ಸೆನ್ಸರಿಗೆ ಅದನ್ನ ಹಾಕಿದ್ರೆ ಕಾಫಿ ಹದಕ್ಕೆ ಬರೋ ಮೊದಲೇ ಜಾಯಿಂಟ್ ನೀರಾಗಿರುತ್ತೆ. ಅದಕ್ಕೇ ಥರ್ಮೋಕಪಲ್ ತುದಿಯನ್ನು ವೆಲ್ಡ್ ಮಾಡಿರುತ್ತಾರೆ. ತಲೆನೋವು ಇರೋದು ಡ್ರಮ್ಮಿನ ಪಕ್ಕದಲ್ಲಿ ಕೂತ ಕಂಟ್ರೋಲ್ ಬೋರ್ಡಿಗೆ.

ಸೀಸಕ್ಕೆ ಯುರೋಪ್ 2006ರ ಜುಲೈ 1ರಿಂದ ಕಡಿವಾಣ ಹಾಕಿತು. ನಮ್ಮಲ್ಲೂ 2011ರ ಇ-ತ್ಯಾಜ್ಯ ನಿಯಮಗಳು ಬಂದವು. ಈಗ ಎಲ್ಲರೂ ಕೈಹಾಕೋದು ಸ್ಯಾಕ್ 305ಕ್ಕೆ: ತವರ 96.5, ಬೆಳ್ಳಿ 3, ತಾಮ್ರ 0.5. ಕರಗೋದು 217ರಿಂದ 220ರಲ್ಲಿ. "ಬೋರ್ಡು 125 ಡಿಗ್ರಿ ತಾನೇ, ಇನ್ನೂ 90 ಡಿಗ್ರಿ ಅಂತರ ಇದೆ" ಅಂತ ಸುಮಾರು ಜನ ಇಲ್ಲಿಗೇ ನಿಲ್ಲಿಸಿಬಿಡ್ತಾರೆ.

ಆದರೆ ಲೋಹಕ್ಕೆ ಸೆಲ್ಸಿಯಸ್ ಗೊತ್ತಿಲ್ಲ, ಲೆಕ್ಕ ಕೆಲ್ವಿನ್‌ನಲ್ಲಿ ಹಾಕಬೇಕು. 217 ಅಂದ್ರೆ 490 ಕೆಲ್ವಿನ್, 125 ಅಂದ್ರೆ 398. ಅಂದರೆ ಜಾಯಿಂಟ್ ತನ್ನ ಕರಗುವ ಬಿಂದುವಿನ ಶೇಕಡ 81ರಲ್ಲಿದೆ. ಲೋಹಗಳು ಶೇಕಡ 40-50 ದಾಟಿದರೇ ಭಾರಕ್ಕೆ ನಿಧಾನವಾಗಿ ಜಾರತೊಡಗುತ್ತವೆ, ಇದೇ ಕ್ರೀಪ್. ರೂಮಿನ 25 ಡಿಗ್ರಿಯಲ್ಲೇ ಸೋಲ್ಡರ್ ಶೇಕಡ 61ರಲ್ಲಿರುತ್ತೆ. ಕಬ್ಬಿಣ ಆ ಮಟ್ಟಕ್ಕೆ ಬರಬೇಕಾದ್ರೆ ಸುಮಾರು 830 ಡಿಗ್ರಿಗೆ ಕಾಯಬೇಕು, ಕುಲುಮೆಯಲ್ಲಿ ಕೆಂಪಗಾದ ಹಾಗೆ! ಇದರ ಮೇಲೆ ರೋಸ್ಟರ್ ದಿನವಿಡೀ ಕಾದು, ತಣ್ಣಗಾಗಿ, ಮತ್ತೆ ಕಾಯುತ್ತೆ. ಎಫ್‌ಆರ್4 ಬೋರ್ಡು ಹಿಗ್ಗುವಷ್ಟು ಸೆರಾಮಿಕ್ ಕೆಪಾಸಿಟರ್ ಹಿಗ್ಗಲ್ಲ. ಇಬ್ಬರ ಜಗಳದಲ್ಲಿ ಬಿರುಕು ಬಿಡೋದು ಮಧ್ಯದ ಸೋಲ್ಡರ್.

ಹಾಗಾದ್ರೆ ಇನ್ನೂ ಮೇಲಕ್ಕೆ ಹೋಗೋಣವೇ? ತವರ 95, ಆಂಟಿಮನಿ 5ರ ಮಿಶ್ರಣ 235-240ಕ್ಕೆ ಕರಗುತ್ತೆ, ಕ್ರೀಪನ್ನೂ ಚೆನ್ನಾಗಿ ತಡೆಯುತ್ತೆ. ಆದರೆ ಅದನ್ನು ಸರಿಯಾಗಿ ಹರಿಸೋಕೆ ಓವನ್ ಸುಮಾರು 260 ಮುಟ್ಟಬೇಕು; ಎಷ್ಟೋ ಐಸಿಗಳ ಮಿತಿಯೇ ಅದು. ಚಿನ್ನ 80, ತವರ 20 ಇರೋದು 280ಕ್ಕೆ ಕರಗುತ್ತೆ. ಬೆಲೆ ಮಾತ್ರ ಕೇಳಬೇಡಿ. ನನಗೆ ಮಜಾ ಅನಿಸಿದ್ದು ಬೆಳ್ಳಿ ಸಿಂಟರಿಂಗ್: ಬೆಳ್ಳಿ ಪುಡಿಯ ಪೇಸ್ಟನ್ನು ಸುಮಾರು 250 ಡಿಗ್ರಿಯಲ್ಲಿ ಕೂಡಿಸಿದರೆ, ಆಮೇಲೆ ಅದು ಕರಗೋದು 961ಕ್ಕೆ. ಎಲೆಕ್ಟ್ರಿಕ್ ಕಾರಿನ ಪವರ್ ಮಾಡ್ಯೂಲ್‌ಗೆ ಸರಿ, ನಮ್ಮ ಬೋರ್ಡಿಗೆ ಅತಿಯಾಯ್ತು.

ಬಿಸ್ಮತ್ ಬಗ್ಗೆ ಎಚ್ಚರ. ಬಿಸ್ಮತ್ 58, ತವರ 42 ಇರುವ ಜಾಯಿಂಟನ್ನು ಕಳಸದಲ್ಲೋ ಮೂಡಿಗೆರೆಯಲ್ಲೋ ಯಾರಾದ್ರೂ ಸೀಸದ ತಂತಿಯಿಂದ ರಿಪೇರಿ ಮಾಡಿದರೆ, ಮೂರೂ ಸೇರಿ 96 ಡಿಗ್ರಿಗೇ ಕರಗೋ ಮಿಶ್ರಣ ಹುಟ್ಟಬಹುದು. ಕುದಿಯೋ ನೀರಿಗಿಂತ ಕಮ್ಮಿ.

ನಾನಾದ್ರೆ ಮೊದಲು ಬೋರ್ಡನ್ನೇ ಡ್ರಮ್ಮಿನಿಂದ ಒಂದು ಮೀಟರ್ ದೂರ ಇಟ್ಟು, ಸೆನ್ಸರ್ ವೈರ್ ಉದ್ದ ಮಾಡಿ, ಸ್ಯಾಕ್ 305 ಹಾಕ್ತೀನಿ. ದೂರ ಇಡೋಕೆ ಜಾಗವೇ ಇಲ್ಲದಿದ್ರೆ ಮಾತ್ರ ಆಂಟಿಮನಿ. ಮಲೆನಾಡಿನ ಮಳೆಗಾಲದ ತೇವಕ್ಕೆ ಫ್ಲಕ್ಸ್ ಉಳಿಕೆಯನ್ನು ಐಪಿಎಯಲ್ಲಿ ತೊಳೆದು ಮೇಲೊಂದು ಕೋಟಿಂಗ್. ಆಮೇಲೆ ಬೋರ್ಡಿನ ಮೂಲೆಯಲ್ಲಿ ಮಾರ್ಕರಿನಿಂದ ಸೋಲ್ಡರ್ ಹೆಸರು ಬರೆದಿಡಿ, ಮುಂದೆ ರಿಪೇರಿ ಮಾಡೋರಿಗೆ ಬೇಕಾಗುತ್ತೆ.