ಮೂವತ್ತು ವರ್ಷ ಕಾಡಿದ ಎಫ್‌ಎಸ್

1978ರಲ್ಲಿ ಬಂದ ಇಂಟೆಲ್ 8086 ಚಿಪ್‌ನ ರಿಜಿಸ್ಟರುಗಳು 16 ಬಿಟ್‌ನವು. ಒಂದು ರಿಜಿಸ್ಟರಿನಿಂದ 64 ಕಿಲೋಬೈಟ್ ಮೆಮೊರಿಯನ್ನಷ್ಟೇ ಮುಟ್ಟಬಹುದು. ಮುಟ್ಟಬೇಕಾಗಿದ್ದದ್ದು ಒಂದು ಮೆಗಾಬೈಟ್. ಅದಕ್ಕೆ ಕಂಡ ಉಪಾಯವೇ ಮೆಮೊರಿಯನ್ನು ತುಂಡುಗಳಾಗಿ ನೋಡುವ ಸೆಗ್ಮೆಂಟ್. ಅದರ ಸಂಖ್ಯೆಯನ್ನು 16ರಿಂದ ಗುಣಿಸಿ, ತುಂಡಿನೊಳಗಿನ ದೂರವಾದ ಆಫ್‌ಸೆಟ್ ಕೂಡಿಸಿದರೆ ನಿಜವಾದ ವಿಳಾಸ ಸಿಗುತ್ತಿತ್ತು.

1985ರ 80386 ಬಂದಾಗ ಈ ಸರ್ಕಸ್ ಬೇಕಿರಲಿಲ್ಲ. ವಿಳಾಸ 32 ಬಿಟ್‌ಗೆ ಬೆಳೆದಿತ್ತು, ಮೆಮೊರಿಯನ್ನು ಪುಟಗಳಾಗಿ ಹಂಚುವ ಪೇಜಿಂಗ್ ಕೂಡ ಬಂದಿತ್ತು. ಆದರೂ 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದ ಮೊದಲ ಲಿನಕ್ಸ್ ಕರ್ನೆಲ್ ಸೆಗ್ಮೆಂಟುಗಳನ್ನು ಧಾರಾಳವಾಗಿ ಬಳಸಿತು. 64 ಪ್ರೋಸೆಸ್, ತಲಾ 64 ಮೆಗಾಬೈಟ್, ಒಟ್ಟು 4 ಗಿಗಾಬೈಟ್. ಲೆಕ್ಕವೇನೋ ಚೊಕ್ಕ, 65ನೆಯದು ಬಂದರೆ ಜಾಗವಿಲ್ಲ, ಅಷ್ಟೆ.

ಪ್ರೋಗ್ರಾಂ ಒಂದು ಫೈಲ್ ಓದಿಕೊಡು ಎಂದು ಕೇಳಿದರೆ ಕರ್ನೆಲ್ ತನ್ನ ಸೆಗ್ಮೆಂಟನ್ನು ಡಿಎಸ್ ರಿಜಿಸ್ಟರಿನಲ್ಲೂ ಕೇಳಿದವರ ಸೆಗ್ಮೆಂಟನ್ನು ಎಫ್‌ಎಸ್‌ನಲ್ಲೂ ಇಟ್ಟುಕೊಂಡು, ಎಫ್‌ಎಸ್ ಮೂಲಕ ಒಂದೊಂದೇ ಬೈಟ್ ದಾಟಿಸುತ್ತಿತ್ತು. ಫೈಲ್ ಓದುವ ಅದೇ ಫಂಕ್ಷನ್ ಕರ್ನೆಲ್‌ಗೇ ಬೇಕಾದಾಗ? ಎಫ್‌ಎಸ್ ಅನ್ನು ಸ್ವಲ್ಪ ಹೊತ್ತು ತನ್ನತ್ತಲೇ ತಿರುಗಿಸಿಕೊಳ್ಳುತ್ತಿತ್ತು. ಆ ಕೆಲಸದ ಫಂಕ್ಷನ್ನಿನ ಹೆಸರು ಸೆಟ್ ಎಫ್‌ಎಸ್.

ಮುಂದೆ ಲಿನಕ್ಸ್ 2.1 ಸರಣಿಯಲ್ಲಿ ಸೆಗ್ಮೆಂಟುಗಳೆಲ್ಲ ಸೊನ್ನೆಯಿಂದಲೇ ಶುರುವಾಗುವಂತಾಗಿ, ಕರ್ನೆಲ್ ಮೆಮೊರಿಯನ್ನು ಬಳಕೆದಾರರಿಂದ ಕಾಯುವ ಕೆಲಸ ಪೇಜಿಂಗ್‌ಗೆ ಹೋಯಿತು. ಸೆಟ್ ಎಫ್‌ಎಸ್ ಮಾತ್ರ ಉಳಿಯಿತು. ಈಗ ಅದು ಎಫ್‌ಎಸ್ ರಿಜಿಸ್ಟರನ್ನು ಮುಟ್ಟುತ್ತಿರಲಿಲ್ಲ; ‘ಈ ವಿಳಾಸದವರೆಗೆ ಬಳಕೆದಾರರದ್ದು’ ಎಂಬ ಮಿತಿಯನ್ನು ಮೇಲೆತ್ತುತ್ತಿತ್ತು. ಮಿತಿ ಎತ್ತಿದ ಮೇಲೆ ತಪಾಸಣೆಯಲ್ಲಿ ಯಾವ ವಿಳಾಸವೂ ಪಾಸು. ಎತ್ತಿದವರು ಮರೆಯದೆ ಇಳಿಸಬೇಕಿತ್ತು.

ಇಳಿಸದಿದ್ದರೆ ಏನಾಗುತ್ತದೆಂದು 2010ರಲ್ಲಿ ಗೊತ್ತಾಯಿತು. ಮಿತಿ ಮೇಲಿದ್ದಾಗಲೇ ಕರ್ನೆಲ್ ಎಡವಿದರೆ ಅದು ಆ ಪ್ರೋಸೆಸನ್ನು ಮುಗಿಸಲು ಹೊರಡುತ್ತಿತ್ತು. ಮುಗಿಸುವಾಗ, ಪ್ರೋಸೆಸ್ ಮೊದಲೇ ಕೊಟ್ಟಿದ್ದ ವಿಳಾಸವೊಂದರಲ್ಲಿ ಸೊನ್ನೆ ಬರೆಯುವ ಪದ್ಧತಿಯಿದೆ. ಕಿಡಿಗೇಡಿ ಅಲ್ಲಿ ಕರ್ನೆಲ್‌ನದೇ ವಿಳಾಸ ಕೊಟ್ಟಿದ್ದರೆ ಸೊನ್ನೆ ಅಲ್ಲೇ ಬೀಳುತ್ತಿತ್ತು. ಯಂತ್ರ ಕೈವಶವಾಗಲು ಅಷ್ಟು ಸಾಕಿತ್ತು.

ಆ ತೂತಿಗೆ ತೇಪೆ ಒಂದೇ ಸಾಲಿನದು, ಸೆಟ್ ಎಫ್‌ಎಸ್ ಅನ್ನೇ ಕಿತ್ತುಹಾಕಲು ಹಿಡಿದದ್ದು ಇನ್ನೂ ಹನ್ನೆರಡು ವರ್ಷ. ಸೆಟ್ ಎಫ್‌ಎಸ್ ಕರೆಯುತ್ತಿದ್ದ ಡ್ರೈವರು, ಫೈಲ್ ಸಿಸ್ಟಂಗಳನ್ನೆಲ್ಲ ಹುಡುಕಿ, ಬಫರ್ ಕರ್ನೆಲ್‌ನದೋ ಬಳಕೆದಾರರದೋ ಎಂದು ಕರೆಯುವಾಗಲೇ ಹೇಳುವ ದಾರಿಗೆ ತರಬೇಕಿತ್ತು. ಎಕ್ಸ್86ನಲ್ಲಿ 2020ರ 5.10 ಆವೃತ್ತಿಗೆ, ಉಳಿದೆಡೆ 2022ರ 5.18ರ ಹೊತ್ತಿಗೆ ಅದು ಮರೆಯಾಯಿತು.

ಎಫ್‌ಎಸ್ ರಿಜಿಸ್ಟರಿಗಂತೂ ನಿವೃತ್ತಿಯಿಲ್ಲ. 64 ಬಿಟ್ ಲಿನಕ್ಸ್‌ನಲ್ಲಿ ಅದು ಪ್ರತಿ ಥ್ರೆಡ್‌ನ ಖಾಸಗಿ ಡೇಟಾ ಎಲ್ಲಿದೆಯೆಂದು ತೋರಿಸುತ್ತದೆ. ಜೊತೆಗಾರ ಜಿಎಸ್ ಕರ್ನೆಲ್‌ನೊಳಗೆ ಪ್ರತಿ ಸಿಪಿಯುವಿನ ಡೇಟಾ ತೋರಿಸುತ್ತದೆ.