ರಸೀದಿ ಇಲ್ಲದ ದಾಸೋಹ

ಬೆಂಗಳೂರಿನ ರೈಲ್ವೆ ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರ 1903ರದು. ನೂರು ತುಂಬಿ ಇಪ್ಪತ್ತು ವರ್ಷದ ಮೇಲಾಯಿತು. ಅಂಥ ದೊಡ್ಡ ಸಂಸ್ಥೆಗಳಿಗೆ ದಫ್ತರ ಇರುತ್ತದೆ, ಟ್ರಸ್ಟು ಇರುತ್ತದೆ, ವಾರ್ಷಿಕೋತ್ಸವಕ್ಕೆ ತಾರೀಖು ಸಿಗುತ್ತದೆ. ಸಾಂಗ್ಲಿ ಜಿಲ್ಲೆ ಜತ್ತ ತಾಲೂಕಿನ ಗುಡ್ಡಾಪುರದ ಹಾದಿಯ ದಾಸೋಹಕ್ಕೆ ಇಂಥ ತಾರೀಖಿಲ್ಲ. ಯಾವಾಗ ಸುರುವಾಯಿತು ಎಂದು ಕೇಳಿದರೆ ‘ನಮ್ಮ ಮುತ್ತ್ಯಾನ ಕಾಲದಿಂದ’ ಅಂತಾರೆ. ಛಟ್ಟಿ ಅಮಾವಾಸ್ಯೆ ಬಂತೆಂದರೆ ತಾನೇ ಏಳುತ್ತದೆ.

ಅದು ಹಿಂಗಾರಿ ಜೋಳ ಮೊಳಕಾಲಿಗೆ ಬಂದ ಹೊತ್ತು. ವಿಜಯಪುರ, ಬಾಗಲಕೋಟೆ ಕಡೆಯಿಂದ ಸಾವಿರಾರು ಮಂದಿ ದಾನಮ್ಮದೇವಿಯ ದರ್ಶನಕ್ಕೆ ನಡೆದು ಹೊರಡುತ್ತಾರೆ. ಹಾದಿಗುಂಟ ಪೆಂಡಾಲ. ಇಲ್ಲಿ ಚಹಾ, ಅಲ್ಲಿ ಅವಲಕ್ಕಿ, ಮುಂದೆ ಖಟಿ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ. ಬೊಬ್ಬೆ ಎದ್ದ ಕಾಲಿಗೆ ಬಿಸಿನೀರು, ಎಣ್ಣೆ. ‘ಬರ್ರೀ ಯಪ್ಪಾ, ಉಂಡು ಹೋಗ್ರಿ’ ಎಂದು ಕೈ ಹಿಡಿದು ಎಳೆಯುತ್ತಾರೆ. ಉಣ್ಣದಿದ್ದರೆ ಅವರಿಗೇ ಸಂಕಟ.

ಇದರ ಗುಟ್ಟು ಖಟಿ ರೊಟ್ಟಿಯಲ್ಲಿದೆ. ವಾರಗಟ್ಟಲೆ ಕೆಡುವುದಿಲ್ಲ. ಹೀಗಾಗಿ ಒಬ್ಬ ಸಾಹುಕಾರನ ಉಗ್ರಾಣ ಬೇಕಿಲ್ಲ. ಮನೆಗೆ ಇಪ್ಪತ್ತು, ಮನೆಗೆ ಐವತ್ತು ಅಂತ ಬಡಿದು ಒಣಗಿಸಿ ಬುಟ್ಟಿ ತುಂಬಿ ಕಳಿಸಿದರಾಯಿತು. ಎರಡೆಕರೆ ಹೊಲದವಳೂ ದಾಸೋಹಿಯೇ.

ದಾನಮ್ಮ ಇದೇ ಜತ್ತ ತಾಲೂಕಿನ ಉಮರಾಣಿಯಲ್ಲಿ ಹುಟ್ಟಿದವಳು, 12ನೇ ಶತಮಾನದ ಶರಣೆ. ಮೊದಲ ಹೆಸರು ಲಿಂಗಮ್ಮ, ಕೊಡುವ ಕೈಯಿಂದ ದಾನಮ್ಮ ಆದಳೆಂದು ಪ್ರತೀತಿ. ಆದರೆ ದಾನ ಬೇರೆ, ದಾಸೋಹ ಬೇರೆ. ದಾನದಲ್ಲಿ ಕೊಟ್ಟವನ ಕೈ ಮೇಲೆ. ದಾಸೋಹದಲ್ಲಿ ನೀಡುವವನೇ ಆಳು. ತೆಲುಗಿನಲ್ಲಿ ಅನ್ನದಾನಂ ಅಂತಾರೆ. ದಾಸೋಹಕ್ಕೆ ಸರಿಸಾಟಿ ಮಾತು ಎರಡೂ ಭಾಷೆಯಲ್ಲಿ ಕವಿತೆ ಬರೆಯುವ ನನಗೂ ಸಿಕ್ಕಿಲ್ಲ. ಈಚೆಗೆ ಕೆಲವು ಕಡೆ ಪೆಂಡಾಲಕ್ಕಿಂತ ಫ್ಲೆಕ್ಸು ದೊಡ್ಡದಾಗಿದೆ, ಅದರ ತುಂಬ ದಾನಿಗಳ ಫೋಟೋ. ರೊಟ್ಟಿ ಬಡಿದವರ ಮುಖ ಅದರಲ್ಲಿ ಕಾಣದು.

ರೊಟ್ಟಿಗೆ ಮನೆ ಮನೆ ತಿರುಗಬಹುದು, ನೀರಿಗೆ? ಜತ್ತ ಬರದ ಸೀಮೆ. 2022ರ ನವೆಂಬರ್ 23ಕ್ಕೆ ಛಟ್ಟಿ ಅಮಾವಾಸ್ಯೆ. ಅದೇ ವಾರ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು, ನೀರಿಲ್ಲದೆ ಬೇಸತ್ತ ಜತ್ತದ 40 ಗ್ರಾಮ ಪಂಚಾಯಿತಿಗಳು ಕರ್ನಾಟಕ ಸೇರುವ ಠರಾವು ಮಾಡಿದ್ದವೆಂದು ಹೇಳಿದರು. ಮುಂಬಯಿ, ಬೆಂಗಳೂರಲ್ಲಿ ಗದ್ದಲ. ಕೆಲವೇ ದಿನಗಳಲ್ಲಿ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ತಿಕ್ಕುಂಡಿ ಕೆರೆಗೆ ಹರಿಯಿತು. ಆಚೆ ಮ್ಹೈಸಾಳ ಯೋಜನೆಯ ವಿಸ್ತರಣೆಯ ಮಾತೂ ಚುರುಕಾಯಿತು.

ನೀರು ಯಾವ ಸರಕಾರದ್ದಾದರೂ ಬರಲಿ, ನಮ್ಮ ಮಂದಿ ತಕರಾರು ಮಾಡುವವರಲ್ಲ. ಸದ್ಯ ಹಾದಿಯ ಹಳ್ಳಿಗಳು ಮಾಡಬೇಕಾದ್ದು ಇಷ್ಟು: ಫ್ಲೆಕ್ಸಿನ ರೊಕ್ಕ ಉಳಿಸಿ, ಅಮಾವಾಸ್ಯೆಗೆ ಮೊದಲೇ ಪೆಂಡಾಲಕ್ಕೊಂದು ನೀರಿನ ಟ್ಯಾಂಕರು ಗೊತ್ತು ಮಾಡಿಡಲಿ.