ಬ್ಯಾಟರಿ ಕಳಚಿದರೂ ಎಚ್ಚರವಿರುವ ಚೀಲ

ಕಾರಿನ ಸ್ಟೀರಿಂಗ್ ಬಿಚ್ಚುವ ಕೆಲಸ ಬಂದರೆ ಪಳಗಿದ ಮೆಕ್ಯಾನಿಕ್ ಮೊದಲು ಹೋಗುವುದು ಬಾನೆಟ್ಟಿನ ಕಡೆಗೆ. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಅದು ಮತ್ತೆ ತಾಗದಂತೆ ಬದಿಗೆ ಸರಿಸಿ, ಕೆಲವು ನಿಮಿಷ ಸುಮ್ಮನೆ ಕಾಯುತ್ತಾರೆ. ನೋಡುವವರಿಗೆ ಇದು ಕಾಲಹರಣ ಅನ್ನಿಸೀತು. ಆದರೆ ಜೀವ ಉಳಿಸುವ ಕೆಲಸ ಆ ಕಾಯುವಿಕೆಯಲ್ಲೇ ಇದೆ.

ಸ್ಟೀರಿಂಗಿನೊಳಗೆ ಮಡಚಿಟ್ಟಿರುವ ಏರ್‌ಬ್ಯಾಗಿಗೆ ಗಾಳಿ ತುಂಬುವುದು ಪಂಪು ಅಲ್ಲ, ಸಿಡಿತ. ಡಿಕ್ಕಿಯನ್ನು ಗುರುತಿಸಿದ ಕಂಟ್ರೋಲ್ ಯುನಿಟ್ ಒಂದು ಪುಟ್ಟ ಕಿಡಿಪುಡಿಗೆ ಕರೆಂಟ್ ಹರಿಸುತ್ತದೆ. ಅದು ಹೊತ್ತಿಸಿದ ರಾಸಾಯನಿಕ ಉರಿದು ಅನಿಲವಾಗಿ ಚೀಲವನ್ನು ಉಬ್ಬಿಸುತ್ತದೆ. ಇದಕ್ಕೆಲ್ಲ ಹಿಡಿಯುವುದು ಸುಮಾರು 30 ಮಿಲಿಸೆಕೆಂಡು. ರೆಪ್ಪೆ ಬಡಿಯಲು ಅದಕ್ಕಿಂತ ಹೆಚ್ಚು ಸಮಯ ಬೇಕು. ಡ್ಯಾಶ್‌ಬೋರ್ಡಿನ ಮೇಲೆ ಬಗ್ಗಿ ಕೆಲಸ ಮಾಡುತ್ತಿರುವವರಿಗೆ ತಪ್ಪಿಸಿಕೊಳ್ಳಲು ಅವಕಾಶವೇ ಇಲ್ಲ.

ಬ್ಯಾಟರಿ ತೆಗೆದ ಮೇಲೂ ಭಯ ಏಕೆ? ಮುಂಭಾಗಕ್ಕೆ ಪೆಟ್ಟು ಬಿದ್ದಾಗ ಬಾನೆಟ್ಟಿನೊಳಗಿನ ಬ್ಯಾಟರಿಯೇ ಮೊದಲು ಜಜ್ಜಿಹೋಗಬಹುದು. ಆಗಲೂ ಚೀಲ ಬಿಚ್ಚಿಕೊಳ್ಳಲೇಬೇಕು. ಅದಕ್ಕಾಗಿ ಕಂಟ್ರೋಲ್ ಯುನಿಟ್ಟಿನ ಕೆಪಾಸಿಟರುಗಳು ಒಂದಿಷ್ಟು ವಿದ್ಯುತ್ತನ್ನು ಕೂಡಿಟ್ಟುಕೊಂಡಿರುತ್ತವೆ. ಮಳೆ ನಿಂತರೂ ಮರದ ಹನಿ ನಿಲ್ಲದು ಅನ್ನುವಂತೆ, ತಂತಿ ಕಳಚಿದರೂ ಆ ಶಕ್ತಿ ಇಳಿಯಲು ಸಮಯ ಬೇಕು. ಕೆಲವು ಕಾರುಗಳಿಗೆ 90 ಸೆಕೆಂಡು, ಕೆಲವಕ್ಕೆ 3 ನಿಮಿಷ, ಇನ್ನು ಕೆಲವಕ್ಕೆ ಮತ್ತಷ್ಟು. ಆಯಾ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ಹೇಳುವುದೇ ಅಂತಿಮ.

ಏರ್‌ಬ್ಯಾಗಿನ ತಂತಿ, ಕನೆಕ್ಟರುಗಳು ಸಾಮಾನ್ಯವಾಗಿ ಹಳದಿ. ಬಹುತೇಕ ಕನೆಕ್ಟರುಗಳಲ್ಲಿ ಒಂದು ಜಾಣ ಏರ್ಪಾಡಿದೆ: ಬಿಡಿಸಿದ ಕೂಡಲೇ ಲೋಹದ ಪಟ್ಟಿಯೊಂದು ಎರಡೂ ಪಿನ್ನುಗಳನ್ನು ಜೋಡಿಸಿಬಿಡುತ್ತದೆ. ಹೀಗಾಗಿ ಮೈಯ ಸ್ಥಿರ ವಿದ್ಯುತ್ತಿನಿಂದ ಕಿಡಿ ಹತ್ತುವ ಅಪಾಯ ತಗ್ಗುತ್ತದೆ. ಮಲ್ಟಿಮೀಟರ್ ಇಟ್ಟು ಏರ್‌ಬ್ಯಾಗನ್ನು ಪರೀಕ್ಷಿಸುವುದಂತೂ ಕೂಡದು. ಮೀಟರು ಹರಿಸುವ ಕರೆಂಟೇ ಅದನ್ನು ಸಿಡಿಸಬಹುದು. ಸೀಟ್ ಬೆಲ್ಟನ್ನು ಬಿಗಿಯುವ ಪ್ರಿಟೆನ್ಷನರಿನಲ್ಲೂ ಇಂಥದೇ ಸಿಡಿಮದ್ದು ಇರುವುದರಿಂದ ಅಲ್ಲಿಯೂ ಇದೇ ಎಚ್ಚರ ಬೇಕು.

ಕಾರಿನಿಂದ ಕಳಚಿದ ಏರ್‌ಬ್ಯಾಗನ್ನು ಮುಚ್ಚಳದ ಭಾಗ ಮೈಗೆ ಎದುರಾಗದಂತೆ ಹಿಡಿದು ಒಯ್ಯಬೇಕು, ಮೇಜಿನ ಮೇಲೆ ಮುಚ್ಚಳ ಮೇಲಾಗಿ ಇಡಬೇಕು. ಆಕಸ್ಮಿಕವಾಗಿ ಸಿಡಿದರೆ ಚೀಲ ಮೇಲಿನ ಖಾಲಿ ಜಾಗಕ್ಕೆ ಉಬ್ಬುತ್ತದೆ. ಬೋರಲಾಗಿ ಇಟ್ಟಿದ್ದರೆ ಲೋಹದ ಡಬ್ಬಿಯೇ ಮೇಲಕ್ಕೆ ಚಿಮ್ಮುತ್ತದೆ.

ಎಲ್ಲ ಕನೆಕ್ಟರುಗಳನ್ನೂ ಮೊದಲಿನಂತೆ ಕೂಡಿಸಿದ ಮೇಲೆಯೇ ಬ್ಯಾಟರಿ ಜೋಡಿಸಬೇಕು. ಆಗ ಕಾರಿನೊಳಗೆ ಯಾರೂ ಕೂತಿರಬಾರದು.

ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯ. ಆದ್ದರಿಂದ ಈ ತಿಳಿವಳಿಕೆ ಸಣ್ಣ ಊರಿನ ಗ್ಯಾರೇಜಿಗೂ ಬೇಕು, ಕಾರಿನ ಮಾಲೀಕರಿಗೂ ಬೇಕು. ಮೆಕ್ಯಾನಿಕ್ ಕಾಯುತ್ತಿದ್ದರೆ ಅವಸರಪಡಿಸಬೇಡಿ. ಕಾರು ವಾಪಸ್ ಪಡೆಯುವಾಗ ಇಗ್ನಿಷನ್ ಆನ್ ಮಾಡಿ ನೋಡಿ: ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡು ಹೊತ್ತಿ ಆರಬೇಕು. ಆರದಿದ್ದರೆ ಅಥವಾ ಹೊತ್ತದೇ ಇದ್ದರೆ, ಅಪಘಾತದ ಹೊತ್ತಿಗೆ ಆ ಚೀಲ ನಿಮ್ಮ ನೆರವಿಗೆ ಬಾರದೇ ಹೋಗಬಹುದು. ಸರಿಪಡಿಸಿಕೊಂಡೇ ಹೊರಡಿ.